ಗೆಳೆಯರೇ ಪ್ರೇಮಿಗಳಾಗುವ ಕಾದಂಬರಿ ಬರೆದವರು ಹೇಳಿ

ಕೇಳಿದವರು: ನನ್ನ ಕಥೆ 1816ರ ಇಂಗ್ಲೆಂಡಿನದು. ಯುದ್ಧದಿಂದ ಮರಳಿದ ಇಬ್ಬರು ಗೆಳೆಯರು. ಒಬ್ಬನಿಗೆ ಇನ್ನೊಬ್ಬನ ಮೇಲೆ ಪ್ರೀತಿ. ಅದನ್ನು ಯಾವ ಅಧ್ಯಾಯದಲ್ಲಿ ಬಾಯಿಬಿಡಿಸಲಿ?

ಉತ್ತರ 1: ನನಗೆ ಮೂರು ವರ್ಷ ಹಿಡಿಯಿತು. ನನ್ನದು 1822ರ ಕಥೆ. ಇಬ್ಬರೂ ದಿನಾ ಕಾಗದ ಬರೆದು ಅಂಚೆಚೀಟಿ ಅಂಟಿಸುತ್ತಿದ್ದರು. ಅಂಚೆಚೀಟಿ ಬಂದಿದ್ದೇ 1840ರಲ್ಲಿ! ಅದಕ್ಕೂ ಮೊದಲು ಸಾಮಾನ್ಯವಾಗಿ ಕಾಗದ ಪಡೆದವರೇ ದುಡ್ಡು ಕೊಡಬೇಕು, ದೂರ ಹೆಚ್ಚಿದಷ್ಟೂ ಹಾಳೆ ಹೆಚ್ಚಿದಷ್ಟೂ ಜಾಸ್ತಿ. ನನ್ನ ಬಡ ಗುಮಾಸ್ತ ದಿನಾ ಎಲ್ಲಿಂದ ತರುತ್ತಾನೆ? 31 ಕಾಗದ ಕಿತ್ತು ಹಾಕಿದೆ, 38,000 ಪದ ಹೋಯಿತು, ಅತ್ತುಬಿಟ್ಟೆ. ಆಮೇಲೆ ಅದೇ ಕಥೆಯಾಯಿತು. ಅವನು ಊಟ ಬಿಟ್ಟು ಕಾಗದ ಬಿಡಿಸಿಕೊಳ್ಳುತ್ತಾನೆ. ಇದು ಗೊತ್ತಾದ ಗೆಳೆಯ ಒಂದೇ ಹಾಳೆಯಲ್ಲಿ ಬರೆದು, ಅದನ್ನೇ ತಿರುಗಿಸಿ ಸಾಲುಗಳ ಮೇಲೆ ಅಡ್ಡಡ್ಡ ಬರೆಯುತ್ತಾನೆ. ‘ಪ್ರೀತಿ’ ಅನ್ನುವ ಪದವೇ ಬೇಕಾಗಲಿಲ್ಲ.

ಉತ್ತರ 2: ನನ್ನದು ಇಬ್ಬರು ಹೆಂಗಸರ ಕಥೆ. ಆ ಕಾಲದಲ್ಲಿ ಸುಖ ಎಲ್ಲಿತ್ತು ಅಂತ ಒಬ್ಬಳನ್ನು ಸಾಯಿಸಿದ್ದೆ. ಆಮೇಲೆ ಎಲೆನರ್ ಬಟ್ಲರ್, ಸಾರಾ ಪಾನ್ಸನ್‌ಬಿ ಬಗ್ಗೆ ಓದಿದೆ. 1778ರಲ್ಲಿ ಐರ್ಲೆಂಡಿನ ಮನೆ ಬಿಟ್ಟು ಓಡಿಬಂದವರು, ವೇಲ್ಸ್‌ನಲ್ಲಿ ಮನೆ ಮಾಡಿ, 1829ರಲ್ಲಿ ಬಟ್ಲರ್ ತೀರಿಕೊಳ್ಳುವವರೆಗೂ ಜೊತೆಗೇ ಇದ್ದರು. ಒಂಬತ್ತು ಅಧ್ಯಾಯ ಹೊಸದಾಗಿ ಬರೆದೆ, 14 ತಿಂಗಳು. ದಯವಿಟ್ಟು ಯಾರನ್ನೂ ಸಾಯಿಸಬೇಡಿ.

ಉತ್ತರ 3: ಹೆಂಗಸರ ಮೇಲೆ ಸಲಿಂಗ ಸಂಬಂಧದ ಕಾನೂನೇ ಇರಲಿಲ್ಲ, ನಿಮಗೆ ಹೇಳೋದು ಸುಲಭ. ಗಂಡಸರಿಗೆ ಅದಕ್ಕೆ 1861ರವರೆಗೂ ಮರಣದಂಡನೆ ಇತ್ತು. 1835ರ ನವೆಂಬರ್‌ನಲ್ಲಿ ಜೇಮ್ಸ್ ಪ್ರಾಟ್, ಜಾನ್ ಸ್ಮಿತ್ ಇಬ್ಬರನ್ನೂ ಅದೇ ಅಪರಾಧಕ್ಕೆ ಲಂಡನ್ನಿನ ನ್ಯೂಗೇಟ್ ಜೈಲಿನ ಎದುರು ನೇಣು ಹಾಕಿದರು. ನಾನು ಆ ಭಯ ಬರೆದೆ. ‘ಇದು ಪ್ರೇಮಕಥೆ ಅಲ್ಲ’ ಅಂತ 11 ಕಡೆಯಿಂದ ವಾಪಸ್ ಬಂತು.

ಉತ್ತರ 2: ಭಯ ಬೇಡ ಅಂದೆನಾ? ನಲವತ್ತು ಪುಟ ನೇಣುಗಂಬವೇ ಇದ್ದರೆ ಆ ಇಬ್ಬರು ನಗೋದು ಯಾವಾಗ?

ಉತ್ತರ 3: ನನ್ನ ಪುಸ್ತಕ ಓದದೆ ಮಾತಾಡಬೇಡಿ.

ಉತ್ತರ 1: ಮೊದಲ ಅಧ್ಯಾಯ ನೀವೇ ಹಂಚಿದ್ದಿರಿ, ಓದಿದ್ದೇನೆ. ನಿಮ್ಮ ನಾಯಕ 1835ರಲ್ಲಿ ತನ್ನನ್ನು ‘ಹೋಮೋಸೆಕ್ಷುಯಲ್’ ಅನ್ನುತ್ತಾನೆ. ಆ ಪದ ಅಚ್ಚಾಗಿದ್ದು 1869ರಲ್ಲಿ, ಅದೂ ಜರ್ಮನ್‌ನಲ್ಲಿ.

ಉತ್ತರ 3: ಒಂದು ಪದ ಹಿಡಿದು ಆರು ವರ್ಷದ ಕೆಲಸ ಅಳೀತೀರಲ್ಲ!

ಕೇಳಿದವರು: ಯಾವ ಅಧ್ಯಾಯ ಅಂತ ಯಾರೂ ಹೇಳಲಿಲ್ಲ.

ಉತ್ತರ 3: ನನ್ನದರಲ್ಲಿ 24ಕ್ಕೆ 22ನೆಯದು. ತಡವಾಯಿತು. ಹೇಳಿದ ಮೇಲೆ ಮರುದಿನ ಬೆಳಿಗ್ಗೆ ಅವರಿಬ್ಬರು ಮೊದಲಿನ ಹಾಗೆ ಒಟ್ಟಿಗೆ ತಿಂಡಿಗೆ ಕೂರುತ್ತಾರಾ, ಅದನ್ನು ಬರೆಯಲು ಜಾಗವೇ ಉಳಿಯಲಿಲ್ಲ.