ಓಂ ಬೀಚಿನ ಬಂಡೆಗಳ ಹತ್ತಿರ ಹೋಗಲು ಯಾವ ಹೊತ್ತು ಸರಿ?

ಹಿಂದೊಮ್ಮೆ ಡಿಸೆಂಬರ್ ರಜೆಯಲ್ಲಿ ಗೋಕರ್ಣಕ್ಕೆ ಹೋಗಿದ್ದೆವು. ಹುಣ್ಣಿಮೆಯ ಮರುದಿನ. ತಿಂಡಿ ಮುಗಿಸಿ ಹನ್ನೊಂದೂವರೆಗೆ ಓಂ ಬೀಚಿಗೆ ಇಳಿದರೆ ಬಂಡೆಗಳ ಬುಡಕ್ಕೆಲ್ಲ ನೀರು ಬಂದಿತ್ತು. ಏಡಿ ನೋಡಬೇಕು ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದ ಮಗಳು ಮುಖ ಸಣ್ಣ ಮಾಡಿಕೊಂಡಳು. ಈ ಸಲ ಮತ್ತೆ ಹೊರಟಿದ್ದೇವೆ, ಅಮ್ಮನೂ ಬರುತ್ತಾರೆ, ಅವರಿಗೆ ಮೊಣಕಾಲು ನೋವು. ಯಾವಾಗ ಹೋದರೆ ನೀರು ಇಳಿದಿರುತ್ತದೆ? ಓಂನಿಂದ ಪಕ್ಕದ ಹಾಫ್ ಮೂನ್ ಬೀಚಿಗೆ ಬಂಡೆ ಮೇಲೇ ನಡೆದು ಹೋಗಬಹುದಾ?

ಕುಮಟೆಯವ: ಮೇಡಂ, ನೀವು ಹೋಗಿದ್ದು ಸರಿಯಾಗಿ ಉಬ್ಬರದ ಹೊತ್ತಿಗೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಮಧ್ಯಾಹ್ನದ ಮುಂಚೆ ನೀರು ತುಂಬಿರುತ್ತದೆ, ಬೆಳಗಿನ ಜಾವ ಮತ್ತು ಸಂಜೆ ಇಳಿಯುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಮತ್ತೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಹಾಗಾಗಿ ಹುಣ್ಣಿಮೆ ಕಳೆದು ಎರಡು-ಮೂರು ದಿನಕ್ಕೆ ಇಳಿತ ಬೆಳಗ್ಗೆ ಆರು-ಏಳರ ಹತ್ತಿರ ಬರುತ್ತದೆ. ಅದೇ ಒಳ್ಳೆಯ ಹೊತ್ತು. ಹೊರಡುವ ಮುಂಚೆ ಕಾರವಾರದ ಉಬ್ಬರ-ಇಳಿತದ ಪಟ್ಟಿ ಆನ್‌ಲೈನಲ್ಲಿ ನೋಡಿ, ಗೋಕರ್ಣಕ್ಕೂ ಹೆಚ್ಚುಕಡಿಮೆ ಅದೇ. ದಿನದ ಎರಡು ಇಳಿತವೂ ಒಂದೇ ಸಮ ಇರುವುದಿಲ್ಲ, ಪಟ್ಟಿಯಲ್ಲಿ ನೀರಿನ ಎತ್ತರದ ಅಂಕಿ ಯಾವುದಕ್ಕೆ ಕಡಿಮೆಯೋ ಅದನ್ನು ಹಿಡಿಯಿರಿ. ಆ ಸಮಯಕ್ಕೆ ಒಂದು ಗಂಟೆ ಮುಂಚೆಯೇ ಅಲ್ಲಿರಬೇಕು, ಕತ್ತಲಿದ್ದರೆ ಮಾತ್ರ ಬೆಳಕು ಹರಿಯುವವರೆಗೆ ಕಾಯಿರಿ. ನೀರು ತಿರುಗಿತು ಅಂದ ಕೂಡಲೇ ವಾಪಸ್ ಹೊರಡಿ.

ಹಾಫ್ ಮೂನ್‌ಗೆ ಬಂಡೆ ಮೇಲೆ ಬೇಡ, ದಯವಿಟ್ಟು. ಗುಡ್ಡದ ಮೇಲೆ ಕಾಲುದಾರಿ ಇದೆ.

ಉಪ್ಪುನೀರು: ಅಮ್ಮನಿಗೆ ಹಾಫ್ ಮೂನ್ ಯಾಕೆ? ಓಂ ಮೇಲಿನ ಪಾರ್ಕಿಂಗ್ ತನಕ ಆಟೋ ಬರುತ್ತದೆ, ಮೆಟ್ಟಿಲು ನಿಧಾನ ಇಳಿದರೆ ಸಾಕು. ಓಂ ಬೀಚಿನ ಎರಡು ಅರ್ಧಚಂದ್ರಾಕಾರದ ದಂಡೆ ಸೇರುವ ಕಡೆ ಇರುವ ಬಂಡೆಗಳ ನಡುವೆಯೇ ನೀರು ನಿಂತ ಗುಂಡಿಗಳು ಬೇಕಾದಷ್ಟಿವೆ. ಒಂದು ಗುಂಡಿ ಆರಿಸಿಕೊಂಡು ಮಗಳ ಜೊತೆ ಕುಕ್ಕರಗಾಲಲ್ಲಿ ಕೂತುಬಿಡಿ. ನೆರಳು ನೀರಿನ ಮೇಲೆ ಬೀಳಬಾರದು. ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ, ಆಮೇಲೆ ತಳದಲ್ಲಿ ಬಿದ್ದಿದ್ದ ಒಂದು ಶಂಖಕ್ಕೆ ಕಾಲು ಮೂಡುತ್ತದೆ, ಸುಮ್ನೆ ಕಲ್ಲು ಅಂದುಕೊಂಡಿದ್ದು ಮೀನಾಗಿ ಚಿಮ್ಮುತ್ತದೆ. ಒದ್ದೆ ಮರಳಲ್ಲಿ ಸಾಸಿವೆಗಿಂತ ತುಸು ದೊಡ್ಡ ಉಂಡೆಗಳು ಹೂವಿನ ಎಸಳಿನ ಹಾಗೆ ಹರಡಿದ್ದರೆ ಮೆಲ್ಲಗೆ ಕಾಲಿಡಿ. ಪುಟ್ಟ ಏಡಿಗಳು ಮರಳನ್ನು ಬಾಯಲ್ಲಿ ಸೋಸಿ, ಆಹಾರ ಉಳಿಸಿಕೊಂಡು, ಉಂಡೆ ಕಟ್ಟಿ ಬಿಟ್ಟಿರುತ್ತವೆ. ಮುಂದಿನ ಉಬ್ಬರಕ್ಕೆ ಅಷ್ಟೂ ಅಳಿಸಿಹೋಗುತ್ತದೆ.

ಕುಮಟೆಯವ: ಚಪ್ಪಲಿ ವಿಷಯ ಮರೆತೆ. ಹಿಂದೆ ಪಟ್ಟಿ ಇರುವುದೇ ಬೇಕು. ಹಸಿರು ಪಾಚಿ ಕಂಡರೆ ಕಾಲಿಡಬೇಡಿ, ಬಂಡೆಗೆ ಅಂಟಿದ ಚಿಪ್ಪಿನ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಕೋನ್ ಆಕಾರದ, ಚಿತ್ತಾರ ಇರುವ ಶಂಖವನ್ನು ಮಗು ಕೈಯಲ್ಲಿ ಎತ್ತದಂತೆ ನೋಡಿಕೊಳ್ಳಿ. ಒಳಗೆ ಜೀವ ಇದ್ದರೆ ವಿಷದ ಮುಳ್ಳು ಚುಚ್ಚಬಹುದು.

ಕೇಳಿದವಳು: ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಕ್ಯಾಲೆಂಡರ್ ನೋಡಿ ರಜೆಯನ್ನೇ ಎರಡು ದಿನ ಮುಂದಕ್ಕೆ ಹಾಕಿದೆ. ಒಂದೆರಡು ಶಂಖ ಮನೆಗೆ ತರಬಹುದಾ?

ಉಪ್ಪುನೀರು: ಖಾಲಿ ಅಂತ ಕಾಣುವುದರಲ್ಲೂ ಎಷ್ಟೋ ಸಲ ಏಡಿ ಸೇರಿಕೊಂಡಿರುತ್ತದೆ, ಅದಕ್ಕೆ ಅದೇ ಮನೆ. ಫೋಟೋ ತೆಗೆದು ಅಲ್ಲೇ ಬಿಡಿ. ತಿರುಗಿಸಿದ ಕಲ್ಲನ್ನು ಮೊದಲಿದ್ದ ಹಾಗೇ ಇಟ್ಟು ಬನ್ನಿ, ಅದರ ಅಡಿಯಲ್ಲಿ ಮೊಟ್ಟೆಗಳು ಇರುತ್ತವೆ.