ಬೆಟ್ಟದ ದರಕು ತಿನ್ನುವ ಹುಳುಗಳಿಗೆ ಸಾರಜನಕ ಎಲ್ಲಿಂದ ಸಿಗುತ್ತದೆ?

ಬೆಟ್ಟದಂಚು, ಶಿರಸಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟದಲ್ಲಿ ಪ್ರತಿ ಬೇಸಿಗೆಯಲ್ಲೂ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ಕೊಟ್ಟಿಗೆಗೆ ತರುತ್ತೇವೆ. ಗುಡಿಸದೆ ಬಿಟ್ಟ ಮೂಲೆಗಳಲ್ಲಿ ಮಳೆ ಹಿಡಿದ ಕೆಲವೇ ದಿನಗಳಲ್ಲಿ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಹಸ್ರಪದಿಗಳು, ಎರೆಹುಳುಗಳು ಮತ್ತು ಒರಲೆ (ಗೆದ್ದಲು) ತುಂಬಿಕೊಳ್ಳುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲೆತ್ತರ ಇದ್ದ ದರಕಿನ ರಾಶಿ ಒಂದು ಗೇಣಿಗೆ ಇಳಿದಿರುತ್ತದೆ.

ನನ್ನ ಸಂದೇಹ ಇಷ್ಟು. ಮರವು ಎಲೆಯನ್ನು ಉದುರಿಸುವ ಮೊದಲೇ ಅದರಲ್ಲಿರುವ ಸಾರಜನಕದ ಬಹುಪಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ ಎಂದು ಓದಿದ್ದೇನೆ. ಹಾಗಾದರೆ ಸತ್ವವೇ ಇಲ್ಲದ ಈ ಎಲೆಯನ್ನು ತಿಂದು ಇಷ್ಟೊಂದು ಹುಳುಗಳು ಮೈ ಬೆಳೆಸಿಕೊಳ್ಳುವುದು ಹೇಗೆ? ಅವುಗಳ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣ ಎನ್ನುವುದು ಎಲ್ಲ ಹುಳುಗಳ ವಿಷಯದಲ್ಲೂ ನಿಜವೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಕಾಳಿ ತೀರ, ಕಾರವಾರ

ಹಲವು ವರ್ಷ ಪ್ರಾಣಿಶಾಸ್ತ್ರ ಪಾಠ ಹೇಳಿದವನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ತಾವು ಸರಿಯಾದ ಕಡೆಯಿಂದಲೇ ಪ್ರಶ್ನೆ ಎತ್ತಿದ್ದೀರಿ. ಸಾಮಾನ್ಯವಾಗಿ ಎಲ್ಲರೂ ಸೆಲ್ಯುಲೋಸ್, ಅಂದರೆ ಸಸ್ಯದ ನಾರಿನ ಅಂಶ, ಜೀರ್ಣವಾಗುವುದು ಹೇಗೆ ಎಂದಷ್ಟೇ ಕೇಳುತ್ತಾರೆ. ಆದರೆ ಅದಕ್ಕಿಂತ ದೊಡ್ಡ ಕೊರತೆ ಸಾರಜನಕದ್ದು. ಕೀಟದ ದೇಹದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 5 ಪಾಲು ಇಂಗಾಲವಿದ್ದರೆ, ಒಣಗಿ ಬಿದ್ದ ಎಲೆಯಲ್ಲಿ ಇಂಗಾಲ ಅನೇಕ ಸಲ 40ರಿಂದ 60 ಪಾಲಿನಷ್ಟಿರುತ್ತದೆ, ಮರದ ಕಟ್ಟಿಗೆಯಲ್ಲಂತೂ ಅದು ನೂರಾರು ಪಾಲಿಗೆ ಏರುತ್ತದೆ. ಈ ಅಂತರವನ್ನು ತುಂಬಿಕೊಡುವವು ಸೂಕ್ಷ್ಮಜೀವಿಗಳು. ಆದರೆ ಒಂದೊಂದು ಪ್ರಾಣಿಯಲ್ಲಿ ಅವು ಒಂದೊಂದು ರೀತಿಯಲ್ಲಿ ಕೆಲಸ ಮಾಡುತ್ತವೆ.

ಒರಲೆಯಿಂದಲೇ ಆರಂಭಿಸೋಣ. ಕಾಪ್ಟೋಟರ್ಮಿಸ್‌ನಂಥ ಕುಲಗಳ ಒರಲೆಗಳ ಹಿಂಗರುಳಿನಲ್ಲಿ ಏಕಕೋಶ ಜೀವಿಗಳು ಕಿಕ್ಕಿರಿದಿರುತ್ತವೆ. ಇಂಥ ಒರಲೆಗಳನ್ನು ಆ ಜೀವಿಗಳಿಂದ ಬಿಡಿಸಿದರೆ ಅವು ಕಟ್ಟಿಗೆಯನ್ನು ತಿನ್ನುತ್ತಲೇ ಹಸಿವಿನಿಂದ ಸಾಯುತ್ತವೆ ಎಂಬುದನ್ನು ಅಮೆರಿಕದ ಕ್ಲೀವ್‌ಲ್ಯಾಂಡ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ತೋರಿಸಿದ್ದರು. ಏಕಕೋಶ ಜೀವಿಗಳು ಸೆಲ್ಯುಲೋಸನ್ನು ಹುದುಗಿಸಿ ಅಸಿಟೇಟ್ (ವಿನೆಗರಿನ ಹುಳಿಯ ಲವಣರೂಪ) ಬಿಡುತ್ತವೆ. ಅದೇ ಸಮಯದಲ್ಲಿ ಹೊರಬರುವ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡುಗಳನ್ನು ಕೆಲವು ಬ್ಯಾಕ್ಟೀರಿಯಾಗಳು ಸೇರಿಸಿ ಮತ್ತಷ್ಟು ಅಸಿಟೇಟ್ ಮಾಡುತ್ತವೆ. ಒರಲೆಯ ಮುಖ್ಯ ಇಂಧನ ಈ ಅಸಿಟೇಟ್. ಇನ್ನು ಸಾರಜನಕದ ವಿಷಯ: ಕರುಳಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತವೆ, ಅಂದರೆ ಜೀವಿಗಳು ಬಳಸಬಲ್ಲ ರೂಪಕ್ಕೆ ತರುತ್ತವೆ ಎಂಬುದು 1973ರಲ್ಲಿ ಖಚಿತವಾಯಿತು. ಅಷ್ಟೇ ಅಲ್ಲ, ಒರಲೆಯ ದೇಹ ತ್ಯಾಜ್ಯವೆಂದು ಕರುಳಿಗೆ ಬಿಡುವ ಯೂರಿಕ್ ಆಮ್ಲವನ್ನೂ ಅವು ಒಡೆದು, ಅದರಲ್ಲಿದ್ದ ಸಾರಜನಕ ಪೋಲಾಗದಂತೆ ಮತ್ತೆ ಬಳಕೆಗೆ ತರುತ್ತವೆ. ಕಾಯಂ ಬಡತನದಲ್ಲಿರುವ ಮನೆ ಒಂದು ಕಾಳನ್ನೂ ಚೆಲ್ಲದೆ ಸಂಸಾರ ನಡೆಸುವ ಹಾಗೆ ಇದು ನಡೆಯುತ್ತದೆ.

ಪ್ರತಿ ಸಲ ಪೊರೆ ಕಳಚುವಾಗ ಒರಲೆಯ ಹಿಂಗರುಳಿನ ಒಳಪದರವೂ ಕಳಚಿಹೋಗುವುದರಿಂದ ಈ ಸಹವಾಸಿಗಳೂ ಹೊರಟುಹೋಗುತ್ತವೆ. ಆಗ ಗೂಡಿನ ಜೊತೆಗಾರರ ಗುದದ್ವಾರದಿಂದ ಒಸರುವ ದ್ರವವನ್ನು ಸೇವಿಸಿ ಅವುಗಳನ್ನು ಮರಳಿ ಪಡೆಯಬೇಕಾಗುತ್ತದೆ. ಒಂಟಿಯಾದ ಒರಲೆ ಉಳಿಯದಿರುವುದಕ್ಕೆ ಇದೂ ಒಂದು ಕಾರಣ.

ತಮ್ಮ ಬೆಟ್ಟದಲ್ಲಿ ಹುತ್ತ ಕಟ್ಟುವ ಒಡಾಂಟೋಟರ್ಮಿಸ್ ಒರಲೆಗಳ ಕಥೆ ಬೇರೆ. ಅವುಗಳ ಕರುಳಿನಲ್ಲಿ ಆ ಏಕಕೋಶ ಜೀವಿಗಳಿಲ್ಲ. ಜಗಿದು ನುಂಗಿದ ಎಲೆ, ಕಟ್ಟಿಗೆಗಳನ್ನು ಅವು ಮಲವಾಗಿ ಗೂಡಿನೊಳಗೆ ಜೇನುಹುಟ್ಟಿನಂತೆ ಜೋಡಿಸಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ, ಸಾರಜನಕ ಹೆಚ್ಚಿರುವ ಅದರ ಬಿಳಿ ಗಂಟುಗಳನ್ನೂ ಹಳೆಯದಾದ ಹುಟ್ಟನ್ನೂ ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದ ಮೇಲೆ ಎದ್ದು ನಮ್ಮ ಅಡುಗೆಮನೆಗೂ ಬರುವ ಅಣಬೆ ಆ ಶಿಲೀಂಧ್ರದ್ದೇ. ಜೀರ್ಣಕ್ರಿಯೆಯ ಅರ್ಧ ಭಾಗ ದೇಹದ ಹೊರಗೇ ನಡೆಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ಕಾಡಿನಲ್ಲಿ ಇನ್ನೊಂದಿಲ್ಲ ಎಂದು ನನ್ನ ಭಾವನೆ.

ಎರೆಹುಳು ಮಣ್ಣಿನೊಂದಿಗೆ ನುಂಗಿದ ಸೂಕ್ಷ್ಮಜೀವಿಗಳಿಂದಲೇ ಕೆಲಸ ಮಾಡಿಸಿಕೊಳ್ಳುತ್ತದೆ. ಮಣ್ಣಿನಲ್ಲಿ ಅವುಗಳಲ್ಲಿ ಹೆಚ್ಚಿನವು ಆಹಾರವಿಲ್ಲದೆ ಮಂಪರಿನಲ್ಲಿರುತ್ತವೆ. ಎರೆಹುಳು ಕರುಳಿನ ಮುಂಭಾಗದಲ್ಲಿ ನೀರನ್ನೂ, ಸುಲಭವಾಗಿ ಕರಗುವ ಲೋಳೆಯನ್ನೂ ಧಾರಾಳವಾಗಿ ಸ್ರವಿಸಿದಾಗ ಅವು ಎಚ್ಚೆತ್ತು, ಹಿಂಭಾಗಕ್ಕೆ ತಲುಪುವಷ್ಟರಲ್ಲಿ ಮಣ್ಣಿನ ಗಟ್ಟಿ ಸಾವಯವ ವಸ್ತುವನ್ನೂ ಒಡೆಯಲು ತೊಡಗುತ್ತವೆ. ಅದರಿಂದ ಬಿಡುಗಡೆಯಾದುದರಲ್ಲಿ ಹುಳು ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಪಶ್ಚಿಮ ಘಟ್ಟದ ತೋಟಗಳಲ್ಲಿ ವ್ಯಾಪಕವಾಗಿ ಸಿಗುವ ಪಾಂಟೋಸ್ಕೊಲೆಕ್ಸ್ ಎರೆಹುಳುವಿನಲ್ಲಿ ಸೆಲ್ಯುಲೋಸ್ ಒಡೆಯುವ ಕಿಣ್ವ ಈ ಅತಿಥಿಗಳಿಂದಲೇ ಬರುತ್ತದೆ.

ಸಹಸ್ರಪದಿ ಇವೆರಡರ ನಡುವಿನದು. ಅದರ ಹಿಂಗರುಳಿನಲ್ಲೂ ಬ್ಯಾಕ್ಟೀರಿಯಾಗಳು ಹೇರಳವಾಗಿವೆ. ದೊಡ್ಡ ಜಾತಿಗಳು ಮೀಥೇನ್ ಸಹ ಬಿಡುತ್ತವೆ. ಆದರೂ ಒರಲೆಯಷ್ಟು ಪೂರ್ಣವಾಗಿ ಅದು ಅವುಗಳನ್ನು ಅವಲಂಬಿಸಿಲ್ಲ. ಹೊಸದಾಗಿ ಬಿದ್ದ ಎಲೆಗಿಂತ ಶಿಲೀಂಧ್ರ ಹಿಡಿದು ಮೆತ್ತಗಾದ ಎಲೆಯನ್ನು ಅದು ಆರಿಸಿ ತಿನ್ನುತ್ತದೆ, ಏಕೆಂದರೆ ಆ ಎಲೆಯಲ್ಲಿ ಒಗರು ಇಳಿದಿರುತ್ತದೆ ಮತ್ತು ಮೇಲೆ ಬೆಳೆದ ಶಿಲೀಂಧ್ರವೇ ಸಾರಜನಕದ ಆಹಾರವಾಗುತ್ತದೆ. ತನ್ನದೇ ಹಿಕ್ಕೆಯ ಮೇಲೆ ಮತ್ತೆ ಸೂಕ್ಷ್ಮಜೀವಿಗಳು ಬೆಳೆದ ನಂತರ ಅದನ್ನೂ ತಿನ್ನುವುದುಂಟು. ಆದ್ದರಿಂದ ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಸೂಕ್ಷ್ಮಜೀವಿಗಳಿಲ್ಲದೆ ಇವುಗಳಲ್ಲಿ ಯಾವುದೂ ದರಕಿನ ಮೇಲೆ ಬದುಕಲಾರದು, ಆದರೆ ಅವು ಯಾವಾಗಲೂ ಕರುಳಿನೊಳಗೇ ಇರಬೇಕೆಂದೇನೂ ಇಲ್ಲ.

ಹಳಕಾರ ದಾರಿ, ಕುಮಟಾ

ಮಾಸ್ತರರ ಮಾತಿಗೆ ಪೂರಕವಾಗಿ ಒಂದು ಅನುಭವ. ನಮ್ಮಲ್ಲಿ ಅಕೇಶಿಯಾ ನೆಡುತೋಪಿನ ದರಕು ಎರಡು ಮಳೆಗಾಲ ಕಳೆದರೂ ಹಾಗೆಯೇ ಇರುತ್ತದೆ. ಅದನ್ನು ಮತ್ತಿ, ನಂದಿ, ಹೊನ್ನೆ ಎಲೆಗಳ ಜೊತೆ ಬೆರೆಸಿ, ನಡುವೆ ಸಗಣಿ ನೀರು ಚಿಮುಕಿಸಿ ಒಟ್ಟಿದಾಗ ಸಹಸ್ರಪದಿ, ಎರೆಹುಳುಗಳು ಬೇಗ ಸೇರಿಕೊಂಡವು. ಎಲೆ ಮೊದಲು ಹದವಾಗಬೇಕು ಎಂಬುದರ ಅರ್ಥ ನನಗೆ ಈಗ ಆಯಿತು.

ಬೆಟ್ಟದಂಚು, ಶಿರಸಿ ತಾಲೂಕು

ಮಾಸ್ತರರೇ, ತುಂಬ ಉಪಕಾರವಾಯಿತು. ಇದರಿಂದ ಇನ್ನೆರಡು ಪ್ರಶ್ನೆಗಳು ಹುಟ್ಟಿದವು. ಅಡಿಕೆಯ ಬೇರುಹುಳುವನ್ನು ಅಗೆದು ತೆಗೆದಾಗ ಅದರ ಹಿಂಭಾಗ ಮಾತ್ರ ಉಬ್ಬಿ ಕಪ್ಪಗೆ ಕಾಣುತ್ತದೆಯಲ್ಲ, ಅದೂ ಇಂಥದೇ ವ್ಯವಸ್ಥೆಯೇ? ಎರಡನೆಯದಾಗಿ, ಕೊಳೆರೋಗಕ್ಕೆ ಪ್ರತಿ ವರ್ಷ ಶೇಕಡಾ 1ರ ಬೋರ್ಡೋ ದ್ರಾವಣ ಹೊಡೆಯುವುದು ನಮಗೆ ಅನಿವಾರ್ಯ. ಅದರಲ್ಲಿರುವ ಮೈಲುತುತ್ತದ ತಾಮ್ರದಿಂದ ಈ ಸಹವಾಸಿಗಳಿಗೆ ಹಾನಿಯಾಗುವುದಿಲ್ಲವೇ?

ಕಾಳಿ ತೀರ, ಕಾರವಾರ

ಹೌದು, ಆ ಉಬ್ಬಿದ ಭಾಗವೇ ಅದರ ಹುದುಗುವ ಪಾತ್ರೆ. ತೆಳುವಾದ ಚರ್ಮದ ಮೂಲಕ ಒಳಗಿನ ಕಪ್ಪು ಸರಕು ಕಾಣುತ್ತದೆ. ಈ ಬಗೆಯ ಮರಿಹುಳುಗಳ ನಡುಗರುಳು ತೀವ್ರ ಕ್ಷಾರೀಯವಾಗಿರುವುದರಿಂದ ನಾರಿನ ಅಂಶ ಅಲ್ಲಿ ಸಡಿಲಗೊಂಡು, ಹಿಂಗರುಳಿನ ಬ್ಯಾಕ್ಟೀರಿಯಾಗಳ ಕೈಗೆ ಸಿಗುತ್ತದೆ. ನಮಗೆ ಶತ್ರುವಾದ ಹುಳುವೂ ಅದೇ ಉಪಾಯದಿಂದ ಬದುಕುತ್ತದೆ.

ತಾಮ್ರದ ವಿಷಯದಲ್ಲಿ ತಮ್ಮ ಆತಂಕಕ್ಕೆ ಆಧಾರವಿದೆ. ಅದು ಕೊಳೆತು ಹೋಗುವ ವಸ್ತುವಲ್ಲ. ವರ್ಷದಿಂದ ವರ್ಷಕ್ಕೆ ಮೇಲ್ಪದರದ ಸಾವಯವ ಅಂಶಕ್ಕೆ ಅಂಟಿಕೊಂಡು ಅಲ್ಲಿಯೇ ಉಳಿಯುತ್ತದೆ, ಎರೆಹುಳು ನುಂಗುವುದೂ ಆ ಪದರವನ್ನೇ. ಅವು ಸಾಯುವುದಕ್ಕೆ ಬಹಳ ಮೊದಲೇ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಕೊಳೆರೋಗದ ಜೀವಿಗೂ, ಎಲೆಯನ್ನು ಹದಗೊಳಿಸುವ ಶಿಲೀಂಧ್ರಕ್ಕೂ ತಾಮ್ರ ಭೇದ ಎಣಿಸುವುದಿಲ್ಲ. ಹಾಗೆಂದು ಔಷಧಿ ಹೊಡೆಯುವುದನ್ನು ನಿಲ್ಲಿಸಿ ಎಂದು ನಾನು ಹೇಳಲಾರೆ, ಫಸಲು ಹೋದರೆ ಸಂಸಾರ ನಡೆಯಬೇಕಲ್ಲ. ಆದರೆ ಉಳಿದ ದ್ರಾವಣವನ್ನು ಬುಡಕ್ಕೋ ಕಾದಿಗೆಗೋ (ತೋಟದ ಬಸಿಗಾಲುವೆಗೋ) ಸುರಿಯುವ ಅಭ್ಯಾಸವನ್ನು ಬಿಡಬಹುದು, ಬೇಕಾದಷ್ಟೇ ಕಲಸಿಕೊಳ್ಳಬಹುದು. ಗೊಬ್ಬರಕ್ಕೆಂದು ಒಟ್ಟಿದ ದರಕನ್ನು ಔಷಧಿಯ ಹನಿ ಬೀಳದ ಕಡೆ ಇಡಬಹುದು. ಈ ಸಲ ಔಷಧಿ ಬೀಳುವ ಒಂದು ಬಣ್ಣದಲ್ಲೂ (ಎರಡು ಕಾದಿಗೆಗಳ ನಡುವಿನ ತೋಟದ ಪಟ್ಟಿಯಲ್ಲೂ), ಬೆಟ್ಟದ ಅಂಚಿನಲ್ಲೂ ಒಂದು ಮೊಳ ಚೌಕ ಗುರುತು ಮಾಡಿಕೊಂಡು, ಬೆಳಗಿನ ಹೊತ್ತು ಎರೆಹುಳುವಿನ ಹಿಕ್ಕೆಗಳನ್ನು ಎಣಿಸಿಡಿ. ಆ ಲೆಕ್ಕವನ್ನು ಇಲ್ಲಿಯೇ ಬರೆದರೆ ಮುಂದಿನ ಮಾತು ಆಡೋಣ.