ಕೊಡಗಿನ ಮಳೆ, ಎತ್ತರ ಮತ್ತು ಹುಲ್ಲಿಗೆ ಹೊಂದುವ ದೊಡ್ಡ ಯುದ್ಧವಿಮಾನ ಮಾದರಿ: ಅನುಭವ ಹಂಚಿಕೆ

ಪ್ರಶ್ನೆ, ನಾಪೋಕ್ಲಿನಿಂದ

ಬ್ಯಾಟರಿಯಿಂದ ಓಡುವ, ಒಂದೂವರೆ ಮೀಟರ್ ರೆಕ್ಕೆಯ ರಿಮೋಟ್ ಕಂಟ್ರೋಲ್ ಮಾದರಿಗಳನ್ನು ಕೆಲವು ವರ್ಷಗಳಿಂದ ಹಾರಿಸುತ್ತಿದ್ದೇನೆ. ಈಗ ಮೂಲದ ಐದನೇ ಒಂದರಷ್ಟು ಅಳತೆಯ, ಅಂದರೆ ಸುಮಾರು 2.25 ಮೀಟರ್ ರೆಕ್ಕೆಯ, ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಮಾದರಿಯೊಂದನ್ನು ನಕ್ಷೆ ಇಟ್ಟುಕೊಂಡು ಮರದಲ್ಲೇ ಕಟ್ಟಬೇಕೆಂದಿದ್ದೇನೆ. ಪೆಟ್ರೋಲ್ ಎಂಜಿನ್ ಕೂರಿಸಬೇಕೇ, ವಿದ್ಯುತ್ ಮೋಟಾರು ಸಾಕೇ? ನಮ್ಮ ಮಳೆಗಾಲದಲ್ಲಿ ಬಾಲ್ಸಾ ಎಂಬ ಹಗುರ ಮರದ ಕೆಲಸ ಮಾಡಬಹುದೇ? ಇಷ್ಟು ದೊಡ್ಡದನ್ನು ಕಟ್ಟಿ ಹಾರಿಸಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಕುಶಾಲನಗರದಿಂದ

ಎಂಜಿನ್ನಿನ ವಿಚಾರಕ್ಕೆ ಬರುವ ಮೊದಲು ವಿಮಾನದ ಆಯ್ಕೆಯನ್ನೇ ಇನ್ನೊಮ್ಮೆ ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ. ಸ್ಪಿಟ್‌ಫೈರ್ ಆಕಾಶದಲ್ಲಿ ಎಷ್ಟು ಚೆಂದವೋ ಹುಲ್ಲಿನ ಮೇಲೆ ಅಷ್ಟೇ ಕಷ್ಟದ್ದು. ಅದರ ಚಕ್ರದ ಕಾಲುಗಳು ಒಡಲಿನ ಪಕ್ಕದಲ್ಲೇ ಕೀಲುಗೊಂಡು ಹೊರಕ್ಕೆ ಮಡಚಿಕೊಳ್ಳುವುದರಿಂದ ಎರಡು ಚಕ್ರಗಳ ನಡುವಿನ ಅಂತರ ತೀರ ಕಡಿಮೆ. ನೆಲ ಸ್ವಲ್ಪ ಏರುತಗ್ಗಾಗಿದ್ದರೂ ರೆಕ್ಕೆಯ ತುದಿ ನೆಲಕ್ಕೆ ತಾಗಿ ವಿಮಾನ ಸುತ್ತಿಕೊಳ್ಳುತ್ತದೆ. ನಮ್ಮಲ್ಲಿ ಡಾಂಬರು ಹಾಕಿದ ಓಡುದಾರಿ ಸಿಗುವುದಿಲ್ಲ, ಸಿಗುವುದೆಲ್ಲ ಹುಲ್ಲುಗಾವಲು. ಆದ್ದರಿಂದ ನಾನು ಅದೇ ಕಾಲದ ಇನ್ನೊಂದು ಯುದ್ಧವಿಮಾನ ಹಾಕರ್ ಹರಿಕೇನನ್ನು ಸೂಚಿಸುತ್ತೇನೆ. ಅದರ ಕಾಲುಗಳು ಅಗಲವಾಗಿ ನಿಂತು ಒಳಕ್ಕೆ ಮಡಚಿಕೊಳ್ಳುತ್ತವೆ, ರೆಕ್ಕೆ ದಪ್ಪ, ನಿಧಾನದ ವೇಗದಲ್ಲೂ ಅದು ಗಾಳಿಯನ್ನು ಬಿಡುವುದಿಲ್ಲ. ಮೂಲ ವಿಮಾನದ ರೆಕ್ಕೆ 12.19 ಮೀಟರ್, ಐದನೇ ಒಂದರಲ್ಲಿ 2.44 ಮೀಟರ್, ಆರನೇ ಒಂದರಲ್ಲಿ 2.03 ಮೀಟರ್ ಬರುತ್ತದೆ.

ಹರಿಕೇನ್ ನಮಗೆ ಪರಕೀಯವೂ ಅಲ್ಲ. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗ್ ಅವರ ನೇತೃತ್ವದಲ್ಲಿ ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಹಾರಿಸಿದ್ದು ಇದೇ ವಿಮಾನವನ್ನು. ಕೊಡಗಿನವರು ದೊಡ್ಡ ಮಾದರಿ ಎಂದ ಕೂಡಲೇ ನಮ್ಮವರೇ ಆದ ವಾಯುಪಡೆಯ ಪೈಲಟ್ ಅಜ್ಜಮಾಡ ದೇವಯ್ಯ ಅವರ ಮಿಸ್ಟೇರ್ ಯುದ್ಧವಿಮಾನ ಕಟ್ಟಬೇಕೆನ್ನುವುದು ಸಹಜ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಹೊಡೆದುರುಳಿಸಿ ಪ್ರಾಣ ಕೊಟ್ಟ ಆ ವೀರರಿಗೆ 1988ರಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಆ ವಿಮಾನವನ್ನು ಇಲ್ಲಿ ಯಾರಾದರೂ ಒಂದು ದಿನ ಕಟ್ಟಲೇಬೇಕು. ಆದರೆ ಅದು ಜೆಟ್, ಅದಕ್ಕೆ ಗಟ್ಟಿ ಓಡುದಾರಿ ಬೇಕು. ಮೊದಲ ದೊಡ್ಡ ಮಾದರಿಯಾಗಿ ಬೇಡ.

ಹರಿಕೇನಿನ ಇನ್ನೊಂದು ಗುಣ ಕಟ್ಟುವವನಿಗೆ ನೇರವಾಗಿ ಒದಗುತ್ತದೆ. ಮೂಲ ವಿಮಾನದ ಒಡಲಿನ ಹಿಂಭಾಗ ಬಟ್ಟೆ ಹೊದಿಸಿದ್ದು, ಒಳಗಿನ ಉದ್ದಪಟ್ಟಿಗಳ ಗೆರೆಗಳು ಹೊರಗೆ ಕಾಣುತ್ತವೆ. ಹಾಗಾಗಿ ಮಾದರಿಯಲ್ಲೂ ಬಾಲದ ಕಡೆ ಬಾಲ್ಸಾ ಹಲಗೆ ಮುಚ್ಚದೆ ಬರೀ ಪಟ್ಟಿಗಳ ಮೇಲೆ ಬಟ್ಟೆ ಎಳೆದರೆ ಅದು ಮೂಲಕ್ಕೆ ನಿಷ್ಠವೂ ಹೌದು, ಹಗುರವೂ ಹೌದು. ಮೂತಿ ಗಿಡ್ಡವಾಗಿರುವ ಇಂಥ ವಿಮಾನಗಳಲ್ಲಿ ಬಾಲದ ತೂಕವೇ ಎಲ್ಲವನ್ನೂ ನಿರ್ಧರಿಸುತ್ತದೆ, ಏಕೆಂದರೆ ಗುರುತ್ವ ಕೇಂದ್ರದಿಂದ ಬಾಲಕ್ಕಿರುವ ದೂರ ಮೂತಿಗಿರುವ ದೂರದ ಮೂರರಷ್ಟಾದರೆ, ಹಿಂದೆ ಹೆಚ್ಚಾದ ಪ್ರತಿ 100 ಗ್ರಾಮಿಗೆ ಮುಂದೆ 300 ಗ್ರಾಂ ಸೀಸ ತುಂಬಬೇಕಾಗುತ್ತದೆ. ಬಾಲದ ಮರವನ್ನು ಒಂದೊಂದು ಹಲಗೆಯನ್ನೂ ತೂಗಿಯೇ ಆರಿಸಿ.

ಈಗ ಎಂಜಿನ್. ಐದನೇ ಒಂದರ ಅಳತೆಯ ಮಾದರಿ ಮುಗಿಯುವಾಗ 11ರಿಂದ 13 ಕಿಲೋ ತೂಗುತ್ತದೆ. ಅದಕ್ಕೆ 55ರಿಂದ 62 ಸಿ.ಸಿ. ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ನೇ ರೂಢಿ. ಡಿಎಲ್ಇ-55 ಹಗುರ, ಜೆನೋವಾ ಜಿ-62 ಭಾರ, ಆದರೆ ಅದರಲ್ಲಿ ಕಿಡಿಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸುವ ಮ್ಯಾಗ್ನೆಟೋ ಇರುವುದರಿಂದ ಇಗ್ನಿಷನ್‌ಗೆ ಬೇರೆ ಬ್ಯಾಟರಿ ಬೇಡ, ಅದರ ಭಾರವೂ ಮೂತಿಯಲ್ಲಿ ಸೀಸದ ಬದಲು ಕೆಲಸಕ್ಕೆ ಬರುತ್ತದೆ. ಗಿಡ್ಡ ಮೂತಿಯ ವಿಮಾನಕ್ಕೆ ನಾನು ಎರಡನೆಯದನ್ನೇ ಇಷ್ಟಪಡುತ್ತೇನೆ. ಪ್ರೊಪೆಲರ್ 22 ಇಂಚು ವ್ಯಾಸ, 10 ಇಂಚು ಪಿಚ್‌ನಿಂದ (ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಆರಂಭಿಸಿ.

ಕರಾವಳಿಯಲ್ಲೋ ಬಯಲುಸೀಮೆಯಲ್ಲೋ ಹಾರಿಸುವವರ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಬೇಡಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ 25 ಡಿಗ್ರಿ ಉಷ್ಣತೆಯ ದಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಿತ ಸಾಂದ್ರತೆಯ ಶೇಕಡಾ 84ರ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಉಸಿರಾಡುವ ಗಾಳಿ ಅಷ್ಟು ತೆಳುವಾದಾಗ ಶಕ್ತಿಯೂ ಸರಿಸುಮಾರು ಅಷ್ಟೇ ಕುಗ್ಗುತ್ತದೆ. ಜೊತೆಗೆ ರೆಕ್ಕೆ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಶೇಕಡಾ 9ರಷ್ಟು ಏರುತ್ತದೆ. ಅಂದರೆ ಏರುವಾಗ ಬಲ ಕಡಿಮೆ, ಇಳಿಯುವಾಗ ವೇಗ ಹೆಚ್ಚು. ಅದಕ್ಕಾಗಿಯೇ 50 ಸಿ.ಸಿ. ಸಾಕು ಎಂದು ನಕ್ಷೆಯಲ್ಲಿ ಬರೆದಿದ್ದರೂ ಇಲ್ಲಿ ಒಂದು ಮೆಟ್ಟಿಲು ಮೇಲಿನದನ್ನು ಆರಿಸಬೇಕು. ಕಾರ್ಬ್ಯುರೇಟರಿನಲ್ಲಿ ಇಂಧನದ ಹರಿವು ಹೊಂದಿಸುವ ಸೂಜಿಯನ್ನೂ ಹಾರಿಸುವ ಮೈದಾನದಲ್ಲೇ, ಆ ದಿನದ ಹವೆಯಲ್ಲೇ ಹೊಂದಿಸಬೇಕು: ಪೂರ್ಣ ಥ್ರಾಟಲಿನಲ್ಲಿ ಗರಿಷ್ಠ ವೇಗ ಸಿಕ್ಕ ಮೇಲೆ ನಿಮಿಷಕ್ಕೆ ಸುಮಾರು 200 ಸುತ್ತು ಇಳಿಯುವವರೆಗೆ ಸೂಜಿಯನ್ನು ತುಸು ತೆರೆದು, ಆಮೇಲೆ ಮೂತಿ ಮೇಲೆತ್ತಿ ಹಿಡಿದು ಸದ್ದು ಕುಗ್ಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ತಂಪಿನ ವ್ಯವಸ್ಥೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೌಲ್‌ನ (ಎಂಜಿನ್ನಿನ ಹೊರಕವಚದ) ಮುಂದೆ ಬಾಯಿ ತೆರೆದ ಮಾತ್ರಕ್ಕೆ ಎಂಜಿನ್ ತಣ್ಣಗಾಗುವುದಿಲ್ಲ, ಗಾಳಿ ಸುಲಭದ ದಾರಿ ಹುಡುಕಿ ಸಿಲಿಂಡರಿನ ಪಕ್ಕದಿಂದ ಜಾರಿಹೋಗುತ್ತದೆ. ರಟ್ಟಿನಲ್ಲಿ ಮೊದಲು ಅಚ್ಚು ಕತ್ತರಿಸಿ, ಸಿಲಿಂಡರಿನ ತಂಪು ಪಟ್ಟಿಗಳಿಗೆ ಮೂರು ನಾಲ್ಕು ಮಿಲಿಮೀಟರ್ ಹತ್ತಿರ ಬರುವವರೆಗೆ ಸವರಿ, ಅದೇ ಆಕಾರದ ತೆಳು ಪ್ಲೈವುಡ್ ತಡೆಗಳನ್ನು ಕೌಲ್‌ನೊಳಗೆ ಅಂಟಿಸಿ. ಒಳಬಂದ ಗಾಳಿಯೆಲ್ಲ ಆ ಪಟ್ಟಿಗಳ ನಡುವೆಯೇ ನುಗ್ಗಿ ಹೊರಹೋಗಬೇಕು. ಹೊರದಾರಿಯ ವಿಸ್ತಾರ ಒಳದಾರಿಯ ಎರಡರಿಂದ ಮೂರರಷ್ಟು ಇರಲಿ.

ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮಲ್ಲಿ ತೇವಕ್ಕೆ ಬರವಿಲ್ಲ. ಹಾರಾಟ ಮುಗಿದ ಸಂಜೆ ಟ್ಯಾಂಕ್ ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿದರೆ ಅದರೊಳಗಿನ ಡಯಾಫ್ರಾಮ್ (ತೆಳು ಪೊರೆ) ಬಹುಕಾಲ ಮೃದುವಾಗಿರುತ್ತದೆ.

ಮಡಿಕೇರಿಯಿಂದ

ಹರಿಕೇನಿನ ಬಗ್ಗೆ ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಎಂಜಿನ್ನಿನ ಬಗ್ಗೆ ಒಪ್ಪುವುದಿಲ್ಲ. ತೋಟಗಳ ನಡುವೆ ಪೆಟ್ರೋಲ್ ಎಂಜಿನ್ನಿನ ಸದ್ದು ಕಣಿವೆಯ ಆಚೆ ದಡಕ್ಕೂ ಕೇಳಿಸುತ್ತದೆ. ಕೊಟ್ಟಿಗೆಯ ದನ ಬೆದರುತ್ತವೆ, ನೆರೆಯವರೊಂದಿಗಿನ ಸೌಹಾರ್ದ ಕೆಡುತ್ತದೆ. ಆನೆಗಳು ತೋಟದೊಳಗೆ ನಿಂತಿವೆ ಎಂಬ ಸುದ್ದಿ ಇದ್ದ ದಿನವಂತೂ ಯಾವ ವಿಮಾನವನ್ನೂ ಹಾರಿಸಬಾರದು.

ವಿದ್ಯುತ್ತಿಗೆ ಲೆಕ್ಕ ಹೀಗಿದೆ. ಯುದ್ಧವಿಮಾನದ ಮಾದರಿಗೆ ಕಿಲೋಗೆ ಸುಮಾರು 330 ವ್ಯಾಟ್ ಬೇಕು, 12 ಕಿಲೋಗೆ 4,000 ವ್ಯಾಟ್ ಆಯಿತು. ಆರು ಸೆಲ್‌ಗಳ ಎರಡು ಲಿಥಿಯಂ ಪಾಲಿಮರ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದರೆ 44.4 ವೋಲ್ಟ್ ಸಿಗುತ್ತದೆ, ಆಗ 90 ಆಂಪಿಯರ್ ಸಾಕು; ವೇಗ ನಿಯಂತ್ರಕ ಕನಿಷ್ಠ 120 ಆಂಪಿಯರಿನದಿರಲಿ. ಮೋಟಾರು ಪ್ರತಿ ವೋಲ್ಟಿಗೆ ನಿಮಿಷಕ್ಕೆ ಸುಮಾರು 200 ಸುತ್ತಿನದಾದರೆ 22 ಇಂಚಿನ ಪ್ರೊಪೆಲರನ್ನು ಚೆನ್ನಾಗಿ ತಿರುಗಿಸುತ್ತದೆ. ಎತ್ತರದಿಂದ ಮೋಟಾರಿನ ಶಕ್ತಿ ಕುಗ್ಗುವುದಿಲ್ಲ, ತೆಳುಗಾಳಿಯಲ್ಲಿ ಪ್ರೊಪೆಲರಿಗೆ ಹೊರೆ ಕಡಿಮೆಯಾಗುತ್ತದೆ ಅಷ್ಟೇ; ವ್ಯಾಟ್‌ಮೀಟರ್ ನೋಡಿಕೊಂಡು ಒಂದು ಇಂಚು ದೊಡ್ಡದನ್ನು ಹಾಕಿದರೆ ಕಳೆದುಕೊಂಡದ್ದರಲ್ಲಿ ಬಹುಪಾಲು ಮರಳಿ ಬರುತ್ತದೆ. ಪೆಟ್ರೋಲಿನಲ್ಲಿ ಈ ಅನುಕೂಲವಿಲ್ಲ. 5,000 ಮಿಲಿಆಂಪಿಯರ್ ಗಂಟೆಯ ಎರಡು ಬ್ಯಾಟರಿ ಸೇರಿ ಒಂದೂವರೆ ಕಿಲೋ ತೂಗುತ್ತವೆ, ಅವನ್ನು ಫೈರ್‌ವಾಲಿಗೆ (ಮೋಟಾರು ಕೂರಿಸುವ ಮುಂಭಾಗದ ಗೋಡೆಗೆ) ಒತ್ತಿ ಕೂರಿಸಿದರೆ ಸೀಸದ ಅಗತ್ಯವೇ ಬೀಳದಿರಬಹುದು. ಹಾರಾಟದ ಅವಧಿ ಆರು ನಿಮಿಷ. ಇದು ನಿಜವಾದ ಕೊರತೆ, ಮುಚ್ಚಿಡುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವುದರಿಂದ ಬ್ಯಾಟರಿಗಳನ್ನು ಪೂರ್ತಿ ತುಂಬಿಸಿಯೋ ಬರಿದಾಗಿಯೋ ಇಡದೆ ಸೆಲ್‌ಗೆ 3.8 ವೋಲ್ಟ್ ಮಟ್ಟದಲ್ಲಿ ಕಾಪಾಡಬೇಕು.

ನಾಪೋಕ್ಲಿನಿಂದ ಮತ್ತೆ

ಇಬ್ಬರಿಗೂ ಕೃತಜ್ಞತೆಗಳು. ಸ್ಪಿಟ್‌ಫೈರ್ ಬಿಟ್ಟು ಹರಿಕೇನಿಗೆ ಮನಸ್ಸು ಮಾಡಿದ್ದೇನೆ. ನಮ್ಮ ತೋಟಕ್ಕೆ ಅಂಟಿಕೊಂಡೇ ಕಾರ್ಮಿಕರ ಲೈನ್‌ಮನೆಗಳಿವೆ, ಹಾಗಾಗಿ ಮೋಟಾರಿನ ಕಡೆಗೇ ವಾಲುತ್ತಿದ್ದೇನೆ. ಜೂನ್‌ನಲ್ಲಿ ಕೆಲಸ ಆರಂಭಿಸಬಹುದೇ ಎಂಬುದನ್ನೂ ಯಾರಾದರೂ ಹೇಳಿದರೆ ಉಪಕಾರ.

ವಿರಾಜಪೇಟೆಯಿಂದ

ಜೂನ್‌ನಲ್ಲಿ ಆರಂಭಿಸಬಹುದು, ಆದರೆ ಯಾವ ಕೆಲಸ ಎಂಬುದನ್ನು ಆರಿಸಿಕೊಳ್ಳಬೇಕು. ರೆಕ್ಕೆಯ ಪಕ್ಕೆಲುಬುಗಳನ್ನು ಕತ್ತರಿಸುವುದು, ಚಕ್ರದ ಕಾಲುಗಳ ಆಸನ ಕಟ್ಟುವುದು, ಸರ್ವೋ (ರೆಕ್ಕೆ-ಬಾಲದ ಚಲಿಸುವ ಭಾಗಗಳನ್ನು ತಿರುಗಿಸುವ ಚಿಕ್ಕ ಮೋಟಾರು) ಜೋಡಣೆ ಇವೆಲ್ಲ ಮಳೆಯಲ್ಲೂ ನಡೆಯುತ್ತವೆ. ರೆಕ್ಕೆಗೆ ಹಲಗೆ ಹೊದಿಸುವುದನ್ನು ಮಾತ್ರ ತೇವದ ವಾರಗಳಲ್ಲಿ ಮಾಡಬೇಡಿ. ತೇವ ಹೀರಿ ಹಿಗ್ಗಿದ ಬಾಲ್ಸಾವನ್ನು ಅಂಟಿಸಿದರೆ ಜನವರಿಯ ಒಣಗಾಳಿಗೆ ಅದು ಕುಗ್ಗಿ ಪಕ್ಕೆಲುಬುಗಳ ನಡುವೆ ಒಳಸೇರುತ್ತದೆ, ಕೆಲವೊಮ್ಮೆ ರೆಕ್ಕೆಯನ್ನೇ ತಿರುಚುತ್ತದೆ. ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ನಮ್ಮಲ್ಲಿ ಬೀರುವಿನೊಳಗೆ ಬಲ್ಬು ಉರಿಸುತ್ತಾರಲ್ಲ, ಮರಕ್ಕೂ ಅದೇ ಏರ್ಪಾಡು ಮಾಡಿ. ಹಲಗೆಗಳನ್ನು ನಿಲ್ಲಿಸದೆ ಚಪ್ಪಟೆಯಾಗಿ ಪೇರಿಸಿಡಿ.

ಹೊರಮೈಗೆ ಚದರ ಮೀಟರಿಗೆ 25 ಗ್ರಾಮಿನ ಗಾಜುನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸುವುದು ನಮ್ಮ ಹವೆಗೆ ಅತ್ಯುತ್ತಮ, ಏಕೆಂದರೆ ಪ್ಲಾಸ್ಟಿಕ್ ಹೊದಿಕೆ ಇಲ್ಲಿ ಗುಳ್ಳೆ ಏಳುತ್ತದೆ. ತೇವದ ದಿನ ಎಪಾಕ್ಸಿ ಗಟ್ಟಿಯಾದ ಮೇಲೂ ಮೇಲ್ಮೈ ಮೇಣ ಸವರಿದಂತೆ ಜಿಡ್ಡಾಗಿರುತ್ತದೆ. ಹೆಬ್ಬೆರಳಿನಿಂದ ತೀಡಿದರೆ ಮಸುಕು ಗುರುತು ಉಳಿಯುತ್ತದೆ. ಅದರ ಮೇಲೆ ಬಣ್ಣ ಬಳಿದರೆ ಹಪ್ಪಳಿಕೆಯಾಗಿ ಏಳುತ್ತದೆ. ಉಜ್ಜುವ ಮೊದಲು ಬೆಚ್ಚಗಿನ ನೀರಿನಲ್ಲಿ ಒರಟು ಬಟ್ಟೆಯಿಂದ ಒರೆಸಿ ತೆಗೆದು, ಒಣಗಿದ ಮೇಲಷ್ಟೇ ಮರಳುಕಾಗದ ಹಿಡಿಯಬೇಕು. ಮೊದಲೇ ಉಜ್ಜಿದರೆ ಜಿಡ್ಡು ಇನ್ನಷ್ಟು ಒಳಕ್ಕೆ ಸೇರುತ್ತದೆ.

ಕಾಲುಗಳ ಆಸನದ ಬಗ್ಗೆ ಒಂದು ಮಾತು. ಹುಲ್ಲಿನಲ್ಲಿ ಚಕ್ರ ತಡೆದಾಗ ಹಿಂದಕ್ಕೆ ಎಳೆಯುವ ಬಲವೆಲ್ಲ ಆ ಆಸನದ ಮೇಲೆ ಬೀಳುತ್ತದೆ. ನಕ್ಷೆಯಲ್ಲಿ ಒಂದೇ ಪಕ್ಕೆಲುಬಿಗೆ ಜೋಡಿಸಿ ತೋರಿಸಿದ್ದರೂ ನೀವು ಆರು ಮಿಲಿಮೀಟರ್ ಬರ್ಚ್ ಪ್ಲೈವುಡ್ಡನ್ನು ಮೂರು ಪಕ್ಕೆಲುಬುಗಳಿಗೂ ಮುಖ್ಯ ತೊಲೆಗೂ ಹಾಯಿಸಿ, ಮೂಲೆಗಳಿಗೆ ಗಾಜುಬಟ್ಟೆ ಸುತ್ತಿ. ಅಂದ ಹಾಗೆ, ಪೂರ್ತಿ ಸಿದ್ಧವಾದ ಮಾದರಿಯನ್ನು ವಿದೇಶದಿಂದ ತರಿಸುವ ಯೋಚನೆ ಬೇಡ. 2022ರ ಫೆಬ್ರವರಿಯಲ್ಲಿ ಡ್ರೋನ್ ಆಮದನ್ನು ನಿಷೇಧಿಸಿದ ಮೇಲೆ ಅಂಥವು ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುವ ಅಪಾಯವಿದೆ. ನಕ್ಷೆ ಕೊಂಡು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಲೇಸರ್ ಕತ್ತರಿಕೆ ಮಾಡಿಸುವುದೇ ಸರಿಯಾದ ದಾರಿ.

ಕುಶಾಲನಗರದಿಂದ ಮತ್ತೆ

ಲೈನ್‌ಮನೆಗಳು ಅಷ್ಟು ಹತ್ತಿರವಿದ್ದರೆ ಮಡಿಕೇರಿಯವರ ಸಲಹೆಯೇ ನಿಮಗೆ ಸರಿ, ಮೋಟಾರನ್ನೇ ಹಾಕಿ. ಆದರೆ ಅಲ್ಲಿಂದಲೇ ಹಾರಿಸುವ ಆಲೋಚನೆ ಇದ್ದರೆ ಅದನ್ನು ಬಿಡಿ. ತೋಟದ ಅಂಚಿನ ಸಿಲ್ವರ್ ಓಕ್ 25 ಮೀಟರ್ ಎತ್ತರವಿದೆ ಎಂದುಕೊಳ್ಳಿ. ಆರು ಮೀಟರ್ ಮುಂದೆ ಸಾಗಲು ಒಂದು ಮೀಟರ್ ಇಳಿಯುವ ವಿಮಾನ ಆ ಮರವನ್ನು ದಾಟಿದ ಮೇಲೆ ನೆಲ ಮುಟ್ಟಲು 150 ಮೀಟರ್ ಬೇಕು, ಓಡಿ ನಿಲ್ಲಲು ಇನ್ನೂ 60. ನಮ್ಮೂರುಗಳ ಹಾಕಿ ಮೈದಾನ 91 ಮೀಟರ್ ಉದ್ದ. ಅಲ್ಲಿ ಇದು ಆಗದ ಮಾತು. ಕಾಫಿ ಕಣ ಇನ್ನೂ ಚಿಕ್ಕದು. ಸುಗ್ಗಿ ಮುಗಿದ ಗದ್ದೆಗಳಲ್ಲಿ ಬದುಗಳಿರುತ್ತವೆ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆಯ ತೆರೆದ ಜಮೀನನ್ನು ಅದರ ಒಡೆಯರ ಒಪ್ಪಿಗೆಯಿಂದ ಬಳಸುವುದು ಮೇಲು, ಅದೂ ಕಣಿವೆಯ ಗಾಳಿ ಏಳುವ ಮೊದಲು, ಬೆಳಿಗ್ಗೆ.

2021ರ ಡ್ರೋನ್ ನಿಯಮಗಳ ಪ್ರಕಾರ ನಿಮ್ಮ ಹರಿಕೇನ್ ವಿನೋದಕ್ಕಾಗಿ ಕಣ್ಣಳತೆಯಲ್ಲಿ ಹಾರಿಸುವ, 25 ಕಿಲೋ ಮೀರದ ವಿಮಾನ ಮಾದರಿಗಳ ವರ್ಗಕ್ಕೆ ಸೇರುತ್ತದೆ. ಆದರೂ ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ಎಂದು ಮೊದಲು ನೋಡಿ, 120 ಮೀಟರಿನ ಕೆಳಗೇ ಇರಿ.

ಮೊದಲ ಹಾರಾಟದ ಹಿಂದಿನ ದಿನ ಗುರುತ್ವ ಕೇಂದ್ರವನ್ನು ಬ್ಯಾಟರಿ ಕೂರಿಸಿ, ಕಾಲುಗಳು ಇಳಿದಾಗಲೂ ಮಡಚಿದಾಗಲೂ ಅಳೆಯಿರಿ. ರೆಕ್ಕೆಯ ಸರಾಸರಿ ಅಗಲದ ಶೇಕಡಾ 25ರಿಂದ 28ರೊಳಗಿರಲಿ. ಎಲಿವೇಟರಿನ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿಯ) ಎರಡು ಭಾಗಗಳಿಗೆ ಬೇರೆ ಬೇರೆ ಸರ್ವೋ, ರಿಸೀವರಿಗೆ ಎರಡು ಬ್ಯಾಟರಿ ಕಡ್ಡಾಯ. ಮೋಟಾರನ್ನು ಪೂರ್ಣ ಥ್ರಾಟಲಿನಲ್ಲಿ ಓಡಿಸಿಕೊಂಡೇ ಸಂಕೇತದ ದೂರಪರೀಕ್ಷೆ ಮಾಡಿ, ಆಗ ಬಾಲ ಹಿಡಿಯಲು ಬಲವಾದ ಒಬ್ಬರು ಹಿಂದೆ ನಿಲ್ಲಲಿ, ಪ್ರೊಪೆಲರಿನ ಸಾಲಿನಲ್ಲಿ ಯಾರೂ ಇರದಿರಲಿ. ಮೊದಲ ಏರಿಕೆಯಲ್ಲಿ ಕಾಲುಗಳನ್ನು ಮಡಚಬೇಡಿ. ಸಾಕಷ್ಟು ಎತ್ತರದಲ್ಲಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಚುಪಟ್ಟಿ) ಇಳಿಸಿ ವೇಗ ತಗ್ಗಿಸಿ, ರೆಕ್ಕೆ ಯಾವ ಹಂತದಲ್ಲಿ ಯಾವ ಕಡೆಗೆ ಬೀಳುತ್ತದೆ ಎಂದು ತಿಳಿದುಕೊಂಡು, ಬ್ಯಾಟರಿಯಲ್ಲಿ ಇನ್ನೂ ಮೂರನೇ ಒಂದರಷ್ಟು ಉಳಿದಿರುವಾಗಲೇ ಇಳಿಸಲು ತಿರುಗಿಸಿ. ಮೊದಲ ಸುತ್ತು ಸರಿ ಬಾರದಿದ್ದರೆ ಮತ್ತೊಮ್ಮೆ ಸುತ್ತಿ ಬರಲು ಅಷ್ಟು ಬೇಕಾಗುತ್ತದೆ.